ಸ್ಟೇರಿಂಗ್ ಬಿಟ್ಟರೂ ಹೊಣೆ ಬಿಡಲ್ಲ: ಅಡಾಸ್ ಕಾರುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಕಾಗದಗಳಲ್ಲಿ ಅರ್ಧಕ್ಕರ್ಧ ಅಡಾಸ್ ಬಗ್ಗೇನೇ ಇವೆ. ಅದೇ, ಮುಂದಿನ ಗಾಡಿ ನೋಡ್ಕೊಂಡು ತಾನೇ ಸ್ಪೀಡು ಏರಿಸಿ ಇಳಿಸಿ (ಇದು ಕ್ರೂಸ್), ಎರಡು ಬಿಳಿ ಗೆರೆ ನಡುವೆ ತಾನೇ ಸ್ಟೇರಿಂಗ್ ತಿರುಗಿಸ್ಕೊಂಡು (ಇದು ಲೇನ್ ಅಸಿಸ್ಟ್) ಹೋಗೋ ಕಾರುಗಳು. ಮೈಲೇಜು, ಟೈರು, ಬ್ಯಾಟರಿ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ ಇರ್ಲಿ, ಇವತ್ತು ಇದೊಂದೇ ತಗೊಂಡಿದೀನಿ.

ಪ್ರಶ್ನೆ: ಹೊಸ ಎಸ್‌ಯುವಿ ಟೆಸ್ಟ್ ಡ್ರೈವ್‌ಗೆ ಹೋಗಿದ್ವಿ. ಸೇಲ್ಸ್ ಹುಡುಗ ಹೈವೇಲಿ ಎರಡೂ ಕೈ ಬಿಟ್ಟು "ನೋಡಿ ಸಾರ್, ಗಾಡಿ ತಾನೇ ಹೋಗುತ್ತೆ, ಲೆವೆಲ್ 2" ಅಂದ. ಹಾಗಾದ್ರೆ ಸೆಲ್ಫ್ ಡ್ರೈವಿಂಗ್ ಕಾರು ನಮ್ಮೂರಿಗೂ ಬಂದೇಬಿಡ್ತಾ?
— ಓದುಗರು, ತುಮಕೂರು

ಇಲ್ಲ, ಬಂದಿಲ್ಲ. ಆ ಹುಡುಗ ಮಾಡಿದ್ದು ತಪ್ಪು, ನಿಮ್ಮನ್ನ ಹಿಂದೆ ಕೂರಿಸ್ಕೊಂಡು ಮಾಡಿದ್ದು ಇನ್ನೂ ದೊಡ್ಡ ತಪ್ಪು.

ಈ ಲೆವೆಲ್ ಲೆಕ್ಕ ಅಮೆರಿಕದ ಎಸ್‌ಎಇ ಅನ್ನೋ ಎಂಜಿನಿಯರುಗಳ ಸಂಸ್ಥೆ ಮಾಡಿದ್ದು, 0ಯಿಂದ 5ರವರೆಗೆ ಇದೆ. ಐದೂ ಆರೂ ನೆನಪಿಟ್ಕೊಳ್ಳೋದು ಬೇಡ, 2ಕ್ಕೂ 3ಕ್ಕೂ ಮಧ್ಯೆ ಇರೋ ಗೋಡೆ ಒಂದು ಗೊತ್ತಿದ್ರೆ ಸಾಕು. ಲೆವೆಲ್ 2ರಲ್ಲಿ ಗಾಡಿ ಸ್ಟೇರಿಂಗೂ ಹಿಡಿಯುತ್ತೆ, ಬ್ರೇಕೂ ಹಾಕುತ್ತೆ, ಆದ್ರೆ ರಸ್ತೆ ನೋಡೋ ಕೆಲಸ ಪೂರ್ತಿ ನಿಮ್ಮದು, ಒಂದು ಕ್ಷಣವೂ ಬಿಡುವಿಲ್ಲ. ಲೆವೆಲ್ 3ರಲ್ಲಿ ಮಾತ್ರ ಕೆಲವು ಗೊತ್ತಾದ ಪರಿಸ್ಥಿತೀಲಿ ರಸ್ತೆ ನೋಡೋ ಕೆಲಸವನ್ನೂ ಗಾಡಿ ತಗೊಳ್ಳುತ್ತೆ. ಜಪಾನಲ್ಲಿ 2021ರ ಮಾರ್ಚ್‌ನಲ್ಲಿ ಹೋಂಡಾದವರು ಅಂಥ ಕಾರು ಬಿಟ್ಟಾಗ ಬರೀ 100, ಅದೂ ಮಾರಲಿಲ್ಲ, ಲೀಸ್‌ಗೆ ಕೊಟ್ರು. ಅದೇ ವರ್ಷ ಡಿಸೆಂಬರ್‌ನಲ್ಲಿ ಜರ್ಮನಿಯಲ್ಲಿ ಮರ್ಸಿಡಿಸ್‌ಗೆ ಒಪ್ಪಿಗೆ ಸಿಕ್ತು, ಅದೂ ಹೆದ್ದಾರಿ ಟ್ರಾಫಿಕ್ಕಲ್ಲಿ ಗಂಟೆಗೆ 60 ಕಿಲೋಮೀಟರ್ ಒಳಗೆ ಮಾತ್ರ. ಅಂಥ ಕಾರು ತನ್ನ ಕೈಲಾಗಲ್ಲ ಅಂದ್ರೆ ಕನಿಷ್ಠ 10 ಸೆಕೆಂಡು ಮೊದಲು ಹೇಳಿ ಸ್ಟೇರಿಂಗ್ ವಾಪಸ್ ಕೊಡ್ಬೇಕು ಅಂತ ವಿಶ್ವಸಂಸ್ಥೆಯ ನಿಯಮಾನೇ ಇದೆ. ನಮ್ಮಲ್ಲಿ ಅಡಾಸ್ ಅಂತ ಮಾರ್ತಿರೋ ಲೆವೆಲ್ 2ಕ್ಕೆ ಆ 10 ಸೆಕೆಂಡಿನ ಭರವಸೆ ಇಲ್ಲ, ಒಂದು ಸೆಕೆಂಡೂ ಇಲ್ಲದೆ ಬಿಟ್ಟುಬಿಡಬಹುದು.

ನಾನು ಇದನ್ನ ಲಾರಿ ಕ್ಲೀನರ್‌ಗೆ ಹೋಲಿಸ್ತೀನಿ. ರಿವರ್ಸ್ ತಗೊಳ್ವಾಗ ಅವನು ಹಿಂದೆ ನಿಂತು ಗಾಡಿ ತಟ್ಟಿ "ಬರ್ಲಿ ಬರ್ಲಿ ಬರ್ಲಿ... ಹಾ ಸಾಕ್ ಸಾಕ್" ಅಂತಾನೆ. ಒಳ್ಳೇ ಕ್ಲೀನರ್ ಇದ್ರೆ ಡ್ರೈವರ್‌ಗೆ ಎರಡು ಕಣ್ಣು ಹೆಚ್ಚಿಗೆ ಇದ್ದ ಹಾಗೆ. ಆದ್ರೆ ಅವನು ಬರ್ಲಿ ಅಂದಾಗ ಗೋಡೆಗೆ ಗುದ್ದಿದ್ರೆ ಲೈಸೆನ್ಸ್ ಯಾರದ್ದು ಕೇಳ್ತಾರೆ? ಡ್ರೈವರ್‌ದೇ. ಅಡಾಸ್ ನಿಮಗೆ ಸಿಕ್ಕಿರೋ ಕ್ಲೀನರ್, ನಿದ್ದೆ ಮಾಡಲ್ಲ, ಬೇಸರ ಮಾಡ್ಕೊಳ್ಳಲ್ಲ, ಆದ್ರೆ ರಸ್ತೆ ಮೇಲೆ ಹುರುಳಿ ಕಣ ಹಾಕಿರೋದು, ಹುಲ್ಲಿನ ಹೊರೆ ಹೊತ್ತಿರೋ ಹೆಂಗಸು ಈಗ ದಾಟ್ತಾಳೋ ನಿಲ್ತಾಳೋ ಅನ್ನೋದು, ಇದನ್ನೆಲ್ಲ ನಿಮ್ಮಷ್ಟು ಅರ್ಥ ಮಾಡ್ಕೊಳ್ಳಲ್ಲ.

ಪ್ರಶ್ನೆ: ದಿನಾ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಲಿ ಓಡಾಡ್ತೀನಿ. 100ಕ್ಕೆ ಕ್ರೂಸ್ ಹಾಕಿ ಲೇನ್ ಅಸಿಸ್ಟ್ ಆನ್ ಮಾಡಿದ್ರೆ ಆರಾಮ. ಮಧ್ಯೆ ಒಂದೆರಡು ಸಲ ವಾಟ್ಸಾಪ್ ನೋಡ್ತೀನಿ, ಏನಾದ್ರೂ ಇದ್ರೆ ಗಾಡೀನೇ ಬೀಪ್ ಅನ್ನುತ್ತಲ್ಲ. ಇದರಲ್ಲಿ ಅಂಥ ಅಪಾಯ ಏನಿದೆ?
— ಓದುಗರು, ಮದ್ದೂರು

ನಿಮ್ಮ ಕಾಗದ ಓದಿ ನಿಜವಾಗ್ಲೂ ಭಯ ಆಯ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

100ರಲ್ಲಿ ಗಾಡಿ ಒಂದು ಸೆಕೆಂಡಿಗೆ ಹತ್ರ ಹತ್ರ 28 ಮೀಟರ್ ಹೋಗುತ್ತೆ. ಒಂದು ಮೆಸೇಜ್ ಓದೋಕೆ ಮೂರು ಸೆಕೆಂಡು ಅಂದ್ರೂ 80 ಮೀಟರ್ ಮೇಲೆ ಕಣ್ಣು ಮುಚ್ಕೊಂಡು ಓಡಿಸಿದ ಹಾಗೆ. ಗಾಡಿ ಬೀಪ್ ಅನ್ನುತ್ತೆ ಅಂತೀರಿ, ಯಾವಾಗ ಅನ್ನುತ್ತೆ? ಅದಕ್ಕೆ ಕಂಡಾಗ ತಾನೇ. ಯಾವುದು ಕಾಣಲ್ಲ ಅನ್ನೋದು ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲೇ ಪುಟಗಟ್ಟಲೆ ಇರುತ್ತೆ, ಯಾರೂ ಓದಲ್ಲ ಅಷ್ಟೇ. ಅದರಲ್ಲಿ ನಮ್ಮ ರಸ್ತೆಗೆ ತುಂಬಾ ಮುಖ್ಯವಾದ್ದು ನಿಂತಿರೋ ಗಾಡಿ. ಹೈವೇ ಪಕ್ಕದ ಬೋರ್ಡು, ಸೇತುವೆ, ತಡೆಗೋಡೆ ಎಲ್ಲಾ ನಿಂತಿರೋ ವಸ್ತುಗಳೇ, ಪ್ರತಿಯೊಂದಕ್ಕೂ ಬ್ರೇಕ್ ಹಾಕ್ತಾ ಹೋದ್ರೆ ಗಾಡಿ ಓಡೋದೇ ಇಲ್ಲ, ಅದಕ್ಕೆ ಎಷ್ಟೋ ಕಾರುಗಳ ರೇಡಾರ್ ಜೋರು ಸ್ಪೀಡಲ್ಲಿ ಚಲಿಸದೇ ಇರೋದನ್ನ ಲೆಕ್ಕಕ್ಕೇ ತಗೊಳ್ಳದ ಹಾಗೆ ಮಾಡಿರ್ತಾರೆ. ಈಗ ಯೋಚನೆ ಮಾಡಿ, ನಿಮ್ಮ ಮುಂದೆ ಒಂದು ಕಾರು ಹೋಗ್ತಿದೆ, ನಿಮ್ಮ ಗಾಡಿ ಅದನ್ನೇ ಹಿಂಬಾಲಿಸ್ತಿದೆ, ಆ ಕಾರಿನವನು ತಟಕ್ಕನೆ ಪಕ್ಕದ ಲೇನ್‌ಗೆ ಹೋದ, ಎದುರಿಗೆ ಕೆಟ್ಟು ನಿಂತ ಲಾರಿ, ಹಿಂದೆ ಲೈಟಿಲ್ಲ, ಒಂದು ಸೊಪ್ಪಿನ ಕೊಂಬೆ ಸಿಕ್ಕಿಸಿ ನಾಲ್ಕು ಕಲ್ಲು ಇಟ್ಟಿದಾರೆ. ನಿಮ್ಮ ಗಾಡಿಗೆ "ಮುಂದಿನ ಕಾರು ಹೋಯ್ತು, ರಸ್ತೆ ಖಾಲಿ" ಅನಿಸಿ ಸ್ಪೀಡು ಏರಿಸಿದ್ರೂ ಏರಿಸ್ತು. ಆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡ್ತಿಲ್ಲ ನಿಜ, ಆದ್ರೆ ಕೆಟ್ಟು ನಿಲ್ಲೋ ಲಾರಿಗೆ ನಿಷೇಧ ಹಾಕೋಕಾಗುತ್ತಾ?

ಇನ್ನೊಂದು ಮಾತು. "ನಾನು ಹುಷಾರಾಗೇ ನೋಡ್ತಿರ್ತೀನಿ, ಮಧ್ಯೆ ಒಂದು ಚೂರು ಫೋನು ಅಷ್ಟೇ" ಅಂತ ನಿಮಗೆ ಅನಿಸೋದು ಸಹಜ. ಆದ್ರೆ ಸುಮ್ನೆ ಕೂತು ಕಾಯೋದು ಗಾಡಿ ಓಡಿಸೋದಕ್ಕಿಂತ ಕಷ್ಟದ ಕೆಲಸ, ಇದು ಇವತ್ತಿನ ಸಂಗತಿ ಅಲ್ಲ. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಪರದೆ ಮುಂದೆ ಕೂತವರು ಶತ್ರು ಚುಕ್ಕೆಗಳನ್ನ ಯಾಕೆ ತಪ್ಪಿಸ್ತಾರೆ ಅಂತ ಹುಡುಕೋಕೆ ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರದ ಪರೀಕ್ಷೆ ಮಾಡಿದ್ರು, 1948ರಲ್ಲಿ ಪ್ರಕಟ ಆಯ್ತು. ಮುಳ್ಳು ಟಿಕ್ ಟಿಕ್ ಅಂತ ಹೋಗ್ತಿರುತ್ತೆ, ಯಾವಾಗಲೋ ಒಂದ್ಸಲ ಒಂದು ಮನೆ ಹಾರುತ್ತೆ, ಅದನ್ನ ಹಿಡೀಬೇಕು. ಎರಡು ಗಂಟೆ ಕೂರಿಸಿದ್ರು, ಮೊದಲ ಅರ್ಧ ಗಂಟೇಲೇ ಜನ ತಪ್ಪಿಸೋದು ಜಾಸ್ತಿ ಆಯ್ತು. ಅವರೇನೂ ಸೋಮಾರಿಗಳಲ್ಲ, ಮನುಷ್ಯನ ತಲೆ ಇರೋದೇ ಹಾಗೆ, ಏನೂ ಆಗ್ತಿಲ್ಲ ಅಂದ್ರೆ ಅದು ಬೇರೆ ಕಡೆ ಹೋಗುತ್ತೆ. ಗಾಡಿ 99 ಸಲ ಚೆನ್ನಾಗಿ ಓಡಿಸಿದಷ್ಟೂ ನೂರನೇ ಸಲಕ್ಕೆ ನೀವು ತಯಾರಿರಲ್ಲ.

ಹೋದ ವರ್ಷ ಸ್ನೇಹಿತರ ಕಾರಲ್ಲಿ ಸಕಲೇಶಪುರದ ಕಡೆ ಹೋಗ್ತಿದ್ವಿ. ಒಂದು ಕಡೆ ರಸ್ತೆ ಕೆಲಸ, ದಾರಿ ಎಡಕ್ಕೆ ತಿರುಗಿಸಿದಾರೆ, ಹಳೇ ಬಿಳಿ ಗೆರೆ ಮಾತ್ರ ಅಳಿಸಿಲ್ಲ, ನೇರ ಹೋಗ್ತಿದೆ. ಕಾರು ಗೆರೆ ಹಿಡ್ಕೊಂಡು ನೇರ ಬ್ಯಾರಿಕೇಡ್ ಕಡೆಗೇ ಎಳೀತು. ನನ್ನ ಸ್ನೇಹಿತರ ಕೈ ಸ್ಟೇರಿಂಗ್ ಮೇಲಿತ್ತು, ಕಣ್ಣು ರಸ್ತೆ ಮೇಲಿತ್ತು, ಒಂದು ಜಗ್ಗಿದ್ರು, ಮುಗೀತು. ಬೀಪ್ ಬರ್ಲೇ ಇಲ್ಲ ನೋಡಿ, ಯಾಕಂದ್ರೆ ಗಾಡಿ ಪ್ರಕಾರ ಅದು ಸರಿಯಾದ ದಾರೀಲೇ ಇತ್ತು. ಆಗ ಅವರು ಫೋನ್ ನೋಡ್ತಿದ್ದಿದ್ರೆ? ಈ ಪ್ರಶ್ನೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದೀವಿ. ನಮ್ಮನೆಯವರ ಹತ್ರ ಟೆಸ್ಲಾ ಇದೆ, "ಹೆಸರೇ ಆಟೋಪೈಲಟ್, ಏನಾದ್ರೂ ಆದ್ರೆ ಕಂಪನಿ ಜವಾಬ್ದಾರಿ" ಅಂತಾರೆ. ನಿಜಾನಾ?
— ಓದುಗರು, ಸನ್ನಿವೇಲ್

ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ, ಆದ್ರೆ ಅವರು ನಂಬ್ಕೊಂಡಿರೋ ರೀತೀಲಂತೂ ಅಲ್ಲ. ಆಟೋಪೈಲಟ್ ಅನ್ನೋದು ಟೆಸ್ಲಾದ ಅಡಾಸ್, ಹೆಸರು ಏನೇ ಇರ್ಲಿ, ಅದೂ ಲೆವೆಲ್ 2ನೇ.

ನಿಮ್ಮ ಪಕ್ಕದ ಮೌಂಟನ್ ವ್ಯೂದಲ್ಲೇ 2018ರ ಮಾರ್ಚ್ 23ರಂದು ಆಪಲ್ ಕಂಪನಿಯ ಎಂಜಿನಿಯರ್ ಒಬ್ರು ತಮ್ಮ ಮಾಡೆಲ್ ಎಕ್ಸ್‌ನಲ್ಲಿ ತೀರಿಕೊಂಡ್ರು. ಹೈವೇ 101ರಲ್ಲಿ ದಾರಿ ಎರಡಾಗಿ ಒಡೆಯೋ ಕಡೆ ಆಟೋಪೈಲಟ್ ಗಾಡೀನ ನಡುವಿನ ಖಾಲಿ ಜಾಗಕ್ಕೆ ತಿರುಗಿಸಿ ನೇರ ತಡೆಗೋಡೆಗೆ ಗುದ್ದಿಸ್ತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ತನಿಖೆ ಮಾಡಿ ಹೇಳಿದ್ದು ಮೂರೂ ಕಡೆ ತಪ್ಪು ಅಂತ. ಗಾಡಿಯ ಮಿತಿ ಒಂದು, ಚಾಲಕರ ಗಮನ ಬಹುಶಃ ಫೋನಿನ ಗೇಮ್ ಮೇಲಿತ್ತು ಅನ್ನೋದು ಒಂದು, ಇನ್ನು ಗುದ್ದಿದ ಪೆಟ್ಟು ತಡ್ಕೋಬೇಕಾದ ರಸ್ತೆಯ ಸಾಧನ ಹಿಂದೆ ಬೇರೆ ಅಪಘಾತದಲ್ಲಿ ಜಜ್ಜಿ ಹೋಗಿದ್ದು ರಿಪೇರಿ ಆಗಿರ್ಲಿಲ್ಲ. ಮೂರು ಕಡೆ ತಪ್ಪಿದ್ರೂ ಜೀವ ಹೋಗಿದ್ದು ಒಬ್ರದ್ದೇ.

ಕೋರ್ಟು ಏನು ಹೇಳುತ್ತೆ ಅಂದ್ರೆ, ಲಾಸ್ ಏಂಜಲೀಸ್ ಹತ್ರ ಗಾರ್ಡೀನಾದಲ್ಲಿ 2019ರ ಡಿಸೆಂಬರ್‌ನಲ್ಲಿ ಆಟೋಪೈಲಟ್ ಆನ್ ಇದ್ದ ಟೆಸ್ಲಾ ಕೆಂಪು ದೀಪ ದಾಟಿ ಇನ್ನೊಂದು ಕಾರಿಗೆ ಗುದ್ದಿ ಇಬ್ಬರು ಸತ್ರು. ನರಹತ್ಯೆ ಕೇಸು ಬಿದ್ದಿದ್ದು ಸ್ಟೇರಿಂಗ್ ಹಿಂದೆ ಕೂತಿದ್ದವನ ಮೇಲೆ. ಫ್ಲಾರಿಡಾದ ಕೀ ಲಾರ್ಗೋದಲ್ಲಿ ಅದೇ ವರ್ಷ ಏಪ್ರಿಲ್‌ನಲ್ಲಿ ಒಬ್ಬ ಚಾಲಕ ಕೆಳಗೆ ಬಿದ್ದ ಫೋನ್ ಹುಡುಕೋಕೆ ಬಗ್ಗಿದ, ಗಾಡಿ ರಸ್ತೆ ಕೊನೆ ದಾಟಿ ಹೋಗಿ ನಿಂತಿದ್ದ ಕಾರಿಗೆ ಗುದ್ದಿ, ಅದರ ಪಕ್ಕ ನಿಂತಿದ್ದ 22 ವರ್ಷದ ಹುಡುಗಿ ಸತ್ತಳು. ಆ ಕೇಸಲ್ಲಿ 2025ರ ಆಗಸ್ಟ್‌ನಲ್ಲಿ ಮಯಾಮಿಯ ಜ್ಯೂರಿ ಚಾಲಕನದ್ದು ಮೂರನೇ ಎರಡು ಭಾಗ, ಟೆಸ್ಲಾದ್ದು ಮೂರನೇ ಒಂದು ಭಾಗ ತಪ್ಪು ಅಂತ ಹೇಳಿ, ದಂಡನೆಯ ಮೊತ್ತವೂ ಸೇರಿ ಕಂಪನಿ ಸುಮಾರು 24 ಕೋಟಿ ಡಾಲರ್ ಕೊಡ್ಬೇಕು ಅಂತು. ಅಂದ್ರೆ ಕಂಪನಿ ಜವಾಬ್ದಾರಿ ಇದೆ, ಆಟೋಪೈಲಟ್ ಅಂಥ ಹೆಸರಿಟ್ಟು ಮಾರಿದ್ರೆ ಜನ ಹೆಸರನ್ನೇ ನಂಬ್ತಾರೆ, ಅದಕ್ಕೆ ಅವರೂ ಉತ್ತರ ಹೇಳ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 2023ರ ಡಿಸೆಂಬರ್‌ನಲ್ಲಿ ಚಾಲಕರ ಗಮನ ಕಾಯೋ ವ್ಯವಸ್ಥೆ ಸಾಲದು ಅಂತ ಅಮೆರಿಕದಲ್ಲಿ 20 ಲಕ್ಷ ಟೆಸ್ಲಾಗಳನ್ನ ರಿಕಾಲ್ ಮಾಡಿ ಸಾಫ್ಟ್‌ವೇರ್ ಬದಲಾಯಿಸಿದ್ದೂ ಇದಕ್ಕೇ. ಆದ್ರೆ ಕಂಪನಿಗೆ ದಂಡ ಬಿತ್ತು ಅಂತ ಚಾಲಕನ ಪಾಲು ಕರಗಲ್ಲ. ನಿಮ್ಮನೆಯವರಿಗೆ ಇದನ್ನ ಓದಿ ಹೇಳಿ.

ಪ್ರಶ್ನೆ: ಯಂತ್ರ ತಪ್ಪು ಮಾಡಿದ್ರೆ ಶಿಕ್ಷೆ ಮನುಷ್ಯನಿಗೆ ಯಾಕೆ ಸಾರ್? ಕಾಯೋ ಕೆಲಸ ಮನುಷ್ಯನ ಕೈಲಾಗಲ್ಲ ಅಂತ ಗೊತ್ತಿದ್ದೂ ಅವನನ್ನೇ ಕೂರಿಸೋದು ಅನ್ಯಾಯ ಅಲ್ವಾ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಒಳ್ಳೇ ಪ್ರಶ್ನೆ ತಂಗಿ, ನೀನು ಓದ್ತಿರೋ ವಿದ್ಯೆಗೆ ಬೇಕಾದ ಪ್ರಶ್ನೆ. ಇದಕ್ಕೆ ಅರಿಜೋನಾದ ಟೆಂಪೆ ಊರಿನ ಕಥೆ ಗೊತ್ತಿರ್ಬೇಕು.

2018ರ ಮಾರ್ಚ್ 18ರ ರಾತ್ರಿ. ಊಬರ್ ಕಂಪನಿ ಟೆಸ್ಟ್ ಮಾಡ್ತಿದ್ದ ಸೆಲ್ಫ್ ಡ್ರೈವಿಂಗ್ ವೋಲ್ವೋ. 49 ವರ್ಷದ ಒಬ್ಬ ಹೆಂಗಸು ಸೈಕಲ್ ತಳ್ಕೊಂಡು ರಸ್ತೆ ದಾಟ್ತಿದ್ರು. ಗಾಡಿಗೆ ಅವರು ಕಂಡಿದ್ದು ಗುದ್ದೋದಕ್ಕೆ 5.6 ಸೆಕೆಂಡು ಮೊದಲೇ, ಅದು ಧಾರಾಳ ಸಮಯ. ಆದ್ರೆ ಅದಕ್ಕೆ ಇದು ಕಾರೋ ಸೈಕಲ್ಲೋ ಬೇರೇನೋ ಅಂತ ಗೊತ್ತಾಗದೆ ಹೆಸರು ಬದಲಾಯಿಸ್ತಾನೇ ಹೋಯ್ತು, ಬದಲಾಯಿಸಿದಾಗೆಲ್ಲ ಹಳೇ ಚಲನೆಯ ಲೆಕ್ಕ ಮರೆತು ಹೊಸದಾಗಿ ಶುರು ಮಾಡ್ತು, ಹಾಗಾಗಿ ಆ ಜೀವ ಎಲ್ಲಿಗೆ ನಡೀತಿದೆ ಅನ್ನೋದೇ ಅದಕ್ಕೆ ತಿಳೀಲಿಲ್ಲ. ಜನ ಜೀಬ್ರಾ ಕ್ರಾಸಿಂಗ್ ಬಿಟ್ಟು ಬೇರೆ ಕಡೇನೂ ದಾಟ್ತಾರೆ ಅನ್ನೋದನ್ನೇ ಆ ಸಾಫ್ಟ್‌ವೇರ್ ಬರೆದವರು ಸೇರಿಸಿರ್ಲಿಲ್ಲ. ವೋಲ್ವೋದ ಸ್ವಂತ ಎಮರ್ಜೆನ್ಸಿ ಬ್ರೇಕ್ ಇತ್ತು, ಊಬರ್ ಕಂಪ್ಯೂಟರ್ ಓಡಿಸ್ವಾಗ ಅದು ಆಫ್ ಆಗೋ ಹಾಗೆ ಮಾಡಿದ್ರು. ಮೊದಲು ಗಾಡೀಲಿ ಕಾಯೋಕೆ ಇಬ್ಬರು ಕೂರ್ತಿದ್ರು, 2017ರಲ್ಲಿ ಒಬ್ಬರಿಗೆ ಇಳಿಸಿದ್ರು. ಆ ಒಬ್ಬರು ಆ ಹೊತ್ತಲ್ಲಿ ಫೋನಲ್ಲಿ ಟಿವಿ ಶೋ ನೋಡ್ತಿದ್ರು.

ಕೊನೆಗೆ ಏನಾಯ್ತು? ಕಂಪನಿ ಮೇಲೆ ಕ್ರಿಮಿನಲ್ ಕೇಸಿಗೆ ಆಧಾರ ಇಲ್ಲ ಅಂತ 2019ರಲ್ಲಿ ಸರ್ಕಾರಿ ವಕೀಲರು ಬಿಟ್ಟರು. ಸೀಟಲ್ಲಿ ಕೂತಿದ್ದವರು 2023ರಲ್ಲಿ ತಪ್ಪೊಪ್ಪಿಕೊಂಡು 3 ವರ್ಷ ಪ್ರೊಬೇಷನ್, ಅಂದ್ರೆ ಜೈಲಿನ ಬದಲು ಕೋರ್ಟಿನ ನಿಗಾದಲ್ಲಿರೋ ಶಿಕ್ಷೆ, ತಗೊಂಡ್ರು. ಎನ್‌ಟಿಎಸ್‌ಬಿ ಮಾತ್ರ ಕಂಪನಿಯ ಸುರಕ್ಷತೆ ಕಡೆಗಿನ ಅಸಡ್ಡೆ, ರಾಜ್ಯದ ಸಡಿಲ ಮೇಲ್ವಿಚಾರಣೆ ಎರಡನ್ನೂ ಬರೆದಿಟ್ಟಿದೆ.

ನೀನು ಅನ್ಯಾಯ ಅಂದ್ಯಲ್ಲ, ಅರ್ಧ ಒಪ್ತೀನಿ. ಕೆಲಸ ಇಬ್ಬರದ್ದು ಇದ್ದಾಗ ಒಬ್ಬರನ್ನ ಕೂರಿಸಿ, ಆ ಒಬ್ಬರ ಗಮನ ಜಾರುತ್ತೆ ಅಂತ ಗೊತ್ತಿದ್ದೂ ಅದನ್ನ ಹಿಡಿಯೋ ವ್ಯವಸ್ಥೆ ಇಡದೆ, ಜಾರಿದ ಮೇಲೆ ಬರೀ ಅವರ ಕಡೆ ಬೆರಳು ತೋರಿಸೋದು ಸರಿಯಲ್ಲ. ಆದ್ರೆ ಟಿವಿ ಶೋ ನೋಡೋದು ಗಮನ ಜಾರಿದ್ದಲ್ಲ ತಂಗಿ, ಅದು ಬಿಟ್ಟುಕೊಟ್ಟಿದ್ದು. ತಾನಾಗೇ ಮಂಕಾಗೋ ತಲೆಗೂ, ತಾನೇ ಕೈಗೆತ್ತಿಕೊಂಡ ಫೋನಿಗೂ ವ್ಯತ್ಯಾಸ ಇದೆ. ಮೊದಲನೇದಕ್ಕೆ ಕಾರು ಮಾಡೋರು ಉತ್ತರ ಕೊಡ್ಬೇಕು, ಎರಡನೇದಕ್ಕೆ ನಾವು. ಸೈಕಲ್ ತಳ್ಕೊಂಡು ಹೋಗ್ತಿದ್ದ ಆ ಹೆಂಗಸಿಗೆ ಈ ಪರೀಕ್ಷೆಗೆ ಒಪ್ಪಿಗೆ ಇದೆಯಾ ಅಂತ ಯಾರೂ ಕೇಳಿರ್ಲಿಲ್ಲ, ನೀನು ನಾಳೆ ಇಂಥ ಗಾಡಿಗೆ ಸಾಫ್ಟ್‌ವೇರ್ ಬರೆಯೋಕೆ ಕೂತಾಗ ಅವರನ್ನ ನೆನೆಸ್ಕೋ.

ಪ್ರಶ್ನೆ: ನಮ್ಮ ಅಪ್ಪಾರಿಗೆ 64 ವರ್ಷ. ತಿಂಗಳಿಗೆ ಎರಡ ಸಲ ಹುಬ್ಬಳ್ಳಿಯಿಂದ ಪುಣೆಗೆ ಒಬ್ಬರ ಗಾಡಿ ಹೊಡ್ಕೊಂಡು ಹೋಗ್ತಾರ. ಅಡಾಸ್ ಕಾರ್ ತಗೊಂಡ ಮ್ಯಾಲೆ "ನಿದ್ದಿ ಬಂದ್ರೂ ಗಾಡಿ ನೋಡ್ಕೊಂತದ" ಅಂತಾರ. ನನಗ ಅಂಜಿಕಿ ಆಗ್ತದ. ಹ್ಯಾಂಗ ಹೇಳೂದ್ರೀ ಅವರಿಗೆ?
— ಓದುಗರು, ಹುಬ್ಬಳ್ಳಿ

ನಿಮ್ಮ ಅಂಜಿಕೆ ಸರಿಯಾಗೇ ಇದೆ ತಾಯಿ. ಅಪ್ಪಾಜಿಯವರಿಗೆ ಒಂದು ವಿಷಯ ಯಾರೂ ಹೇಳಿರಲ್ಲ: ಎಷ್ಟೋ ಕಾರುಗಳಲ್ಲಿ ನೀವು ಎಚ್ಚರ ಇದೀರಾ ಅಂತ ಗಾಡಿ ತಿಳ್ಕೊಳ್ಳೋದು ಸ್ಟೇರಿಂಗ್ ಮೇಲೆ ಬೀಳೋ ಸಣ್ಣ ಒತ್ತಡದಿಂದ. ನಿದ್ದೆ ಹೋದವರ ಕೈ ತೂಕವೂ ತೂಕವೇ. ಅದಕ್ಕೇ ಕೆಲವರು ಸ್ಟೇರಿಂಗ್‌ಗೆ ನೀರಿನ ಬಾಟಲ್ ಕಟ್ಟಿ ಗಾಡೀಗೆ ಮೋಸ ಮಾಡೋದು, ಆ ವಿಡಿಯೋಗಳನ್ನ ನೋಡಿದ್ರೆ ನನಗೆ ಹೊಟ್ಟೆಗೆ ಬೆಂಕಿ ಬೀಳುತ್ತೆ. ಕಣ್ಣನ್ನೇ ನೋಡೋ ಕ್ಯಾಮರಾ ಇರೋ ಕಾರುಗಳೂ ಇವೆ, ಅವು ಎಷ್ಟೋ ಮೇಲು. ಆದ್ರೂ ಕೈ ಒತ್ತಡ ಸಿಗದೇ ಹೋದಾಗ ಕೆಲವು ಗಾಡಿ ನಾಲ್ಕು ಸಲ ಬೀಪ್ ಅಂದು ಸ್ಟೇರಿಂಗ್ ಸಹಾಯವನ್ನೇ ನಿಲ್ಲಿಸಿಬಿಡುತ್ತೆ. ಅಂದ್ರೆ ಸಹಾಯ ತುಂಬಾ ಬೇಕಾದ ಹೊತ್ತಲ್ಲೇ ಕೈ ಬಿಡುತ್ತೆ.

"ನಿಮಗೆ ವಯಸ್ಸಾಯ್ತು" ಅಂತ ಶುರು ಮಾಡ್ಬೇಡಿ, ಯಾವ ಅಪ್ಪನೂ ಕೇಳಲ್ಲ. ಬೆಳಗಿನ ಜಾವ ಎರಡರಿಂದ ಐದು, ಮಧ್ಯಾಹ್ನ ಊಟ ಆದಮೇಲೆ ಎರಡರಿಂದ ನಾಲ್ಕು, ಈ ಹೊತ್ತಲ್ಲಿ ಯಾರಿಗಾದ್ರೂ ತೂಕಡಿಕೆ ಬರುತ್ತೆ, ಇಪ್ಪತ್ತು ವರ್ಷದವನಿಗೂ ಬರುತ್ತೆ. ಆ ಹೊತ್ತು ತಪ್ಪಿಸಿ ಹೊರಡೋ ಹಾಗೆ ಮಾಡಿ. ಆಕಳಿಕೆ ಶುರುವಾದ್ರೆ ಎಲ್ಲಾದ್ರೂ ಸೇಫಾಗಿ ನಿಲ್ಲಿಸಿ 20 ನಿಮಿಷ ಕಣ್ಣು ಮುಚ್ಚಲಿ, ಅದಕ್ಕಿಂತ ದೊಡ್ಡ ಟೆಕ್ನಾಲಜಿ ಇನ್ನೂ ಬಂದಿಲ್ಲ. ಮತ್ತೆ ಇದೊಂದು ಮಾಡಿ, "ಅಪ್ಪಾ, ನಿಪ್ಪಾಣಿಯಾಗ ಚಾಕ್ಕ ನಿಂತಾಗ ನನಗ ಫೋನ್ ಮಾಡ್ರಿ, ನಾ ಕಾಯ್ತಿರ್ತೀನಿ" ಅಂತ ಹೇಳಿ. ಗಾಡಿಯ ಬೀಪ್‌ಗೆ ನಿಲ್ಲದವರು ಮಗಳ ಮಾತಿಗೆ ನಿಲ್ತಾರೆ. ಅವರು ಓಡಿಸ್ತಿರುವಾಗ ಮಾತ್ರ ನೀವು ಫೋನ್ ಮಾಡ್ಬೇಡಿ.

ಪ್ರಶ್ನೆ: ಅಡಾಸ್ ಆನ್ ಇದ್ದಾಗ ಯಾರಿಗಾದ್ರೂ ಗುದ್ದಿದ್ರೆ ನಮ್ಮ ದೇಶದಲ್ಲಿ ಕೇಸು ಯಾರ ಮೇಲೆ?
— ಓದುಗರು, ದಾವಣಗೆರೆ

ಓಡಿಸ್ತಿದ್ದವರ ಮೇಲೆ. ಅಡಾಸ್ ಆನ್ ಇತ್ತು ಅಂದ ಮಾತ್ರಕ್ಕೆ ಚಾಲಕರ ಹೊಣೆ ಹೋಗಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅಜಾಗರೂಕ ಚಾಲನೆಗೆ ಕಲಂ 281, ನಿರ್ಲಕ್ಷ್ಯದಿಂದ ಸಾವಾದ್ರೆ ಕಲಂ 106, ಹಳೇ ಕಾನೂನಲ್ಲಿ ಹೆಚ್ಚೆಂದ್ರೆ 2 ವರ್ಷ ಇದ್ದಿದ್ದು ಈಗ 5 ವರ್ಷದವರೆಗೆ ಆಗಿದೆ. ಮೋಟಾರು ವಾಹನ ಕಾಯ್ದೆಯ 184ರಲ್ಲಿ ಕೈಯಲ್ಲಿ ಫೋನ್ ಹಿಡಿದು ಓಡಿಸೋದೂ ಅಪಾಯಕಾರಿ ಚಾಲನೆ ಅಂತಾನೇ ಬರೆದಿದೆ, ಅಡಾಸ್ ಇದ್ರೆ ವಿನಾಯಿತಿ ಅಂತ ಎಲ್ಲೂ ಇಲ್ಲ. ಸಿಸ್ಟಮ್ಮೇ ಕೆಟ್ಟಿತ್ತು ಅಂತ ನಿಮಗೆ ಅನಿಸಿದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕಂಪನಿ ಮೇಲೆ ಪರಿಹಾರಕ್ಕೆ ಹೋಗಬಹುದು, ದಾರಿ ಇದೆ, ಆದ್ರೆ ಅದು ಬೇರೆ ಕೇಸು, ಪೊಲೀಸ್ ಸ್ಟೇಷನ್ನಿನದ್ದು ಬೇರೆ.

ಪ್ರಶ್ನೆ: ಊರೊಳಗೆ ಅಡಾಸ್ ಆಫ್ ಮಾಡ್ಲಾ? ಇನ್ನೊಂದು, ಕಲ್ಲು ಸಿಡಿದು ಮುಂದಿನ ಗ್ಲಾಸ್ ಒಡೆದಿದೆ, ಹೊರಗಡೆ ಕಮ್ಮಿ ರೇಟಿಗೆ ಹಾಕಿಸಬಹುದಾ?
— ಓದುಗರು, ಚಿಕ್ಕಮಗಳೂರು

ಗುದ್ದೋ ಎಚ್ಚರಿಕೆ, ಎಮರ್ಜೆನ್ಸಿ ಬ್ರೇಕ್ ಯಾವತ್ತೂ ಆಫ್ ಮಾಡ್ಬೇಡಿ, ಅದೇ ನಿಜವಾದ ಲಾಭ. ಲೇನ್ ಅಸಿಸ್ಟು, ಕ್ರೂಸು ಊರೊಳಗೂ ಬೇಡ, ನಿಮ್ಮ ಘಾಟಿ ತಿರುವಲ್ಲೂ ಬೇಡ, ಮಂಜು ಕವಿದಾಗ, ಜೋರು ಮಳೇಲಿ ಬೇಡವೇ ಬೇಡ.

ಗ್ಲಾಸ್ ವಿಷಯದಲ್ಲಿ ಹುಷಾರು. ಹೆಚ್ಚಿನ ಅಡಾಸ್ ಕಾರುಗಳಲ್ಲಿ ಒಳಗಿನ ಕನ್ನಡಿ ಹಿಂದೆ, ಗ್ಲಾಸಿಗೆ ಅಂಟಿಕೊಂಡ ಹಾಗೆ ಕ್ಯಾಮರಾ ಇರುತ್ತೆ, ಗ್ಲಾಸ್ ಬದಲಾಯಿಸಿದ ಮೇಲೆ ಅದನ್ನ ಮತ್ತೆ ಕ್ಯಾಲಿಬ್ರೇಟ್ ಮಾಡ್ಬೇಕು, ಅಂದ್ರೆ ಅದರ ನೋಟ ಸರಿಯಾಗಿ ಹೊಂದಿಸ್ಬೇಕು. ಕ್ಯಾಮರಾ ಕೂದಲೆಳೆಯಷ್ಟು ಓರೆಯಾದ್ರೂ ದೂರದಲ್ಲಿ ಅದು ನೋಡೋ ಗೆರೆ ಬೇರೆಯೇ ಆಗುತ್ತೆ. ಕ್ಯಾಲಿಬ್ರೇಷನ್ ಮಾಡೋ ಸಲಕರಣೆ ಇರೋ ಕಡೆಗೇ ಹೋಗಿ, ಮುಗಿದ ಮೇಲೆ ಅದರ ರಿಪೋರ್ಟ್ ಕೇಳಿ ಇಸ್ಕೊಳ್ಳಿ. ಅದು ಕೈಗೆ ಬರೋವರೆಗೂ ಆ ಕ್ಯಾಮರಾ ಹೇಳಿದ್ದನ್ನ ನಂಬ್ಕೊಂಡು ಓಡಿಸ್ಬೇಡಿ, ಲೇನ್ ಅಸಿಸ್ಟು, ಕ್ರೂಸು ಎರಡನ್ನೂ ಮುಟ್ಟಬೇಡಿ.